ಘಟ್ಟದ ಮೇಲಿನ ಹನ್ನೊಂದು ಮಂದಿ

ನರಿನ್ ಎಂಬ ಬೆಟ್ಟದೂರಿನ ಶಾಲೆಯೊಂದರಲ್ಲಿ ಇಪ್ಪತ್ತೆಂಟು ವರ್ಷ ಭೂಗೋಳ ಕಲಿಸಿದ ಕೆಂಜೆಗುಲ್, ನಿವೃತ್ತಿಯಾದ ಮೇಲೆ ಮನೆಯಲ್ಲಿ ಕೂತು ಕೂತು ಬೇಸತ್ತು, ಊರಿನ ಸುದ್ದಿ ಜಾಲತಾಣಕ್ಕೆ ಕೆಲಸ ಕಲಿಯಲು ಸೇರಿ ಹದಿನೈದು ದಿನವಾಗಿತ್ತು. ಕಲಿಸುವವಳು ಅವಳದೇ ಹಳೆಯ ಶಿಷ್ಯೆ ಐಝಿರೆಕ್. ಕಚೇರಿಯೆಂದರೆ ಔಷಧದಂಗಡಿಯ ಮೇಲಿನ ಒಂದು ಕೋಣೆ, ಎರಡು ಕಂಪ್ಯೂಟರು.

"ಟೀಚರ್, ಏನಿದು? ಸೇತುವೆ ರಿಪೇರಿ ಸುದ್ದೀನ 'ಹಿಮಗಿರಿಗಳ ಮಡಿಲಲ್ಲಿ' ಅಂತ ಶುರು ಮಾಡಿದೀರಲ್ಲ! ನಿಮ್ಮ ಸೇತುವೆ ಬರೋ ಹೊತ್ತಿಗೆ ಓದೋರು ನದೀನೇ ದಾಟಿರ್ತಾರೆ."

"ಸ್ವಲ್ಪ ಹಿನ್ನೆಲೆ ಬೇಡ್ವೇನೇ?"

"ಜನ ಬಸ್ಸಲ್ಲಿ ನೇತಾಡ್ಕೊಂಡು ಮೊಬೈಲಲ್ಲಿ ಓದ್ತಾರೆ. ಏನಾಯ್ತು, ಎಲ್ಲಿ, ಯಾರಿಗೆ, ಯಾರು ಹೇಳಿದ್ದು? ಮೊದಲು ಅದು. ಹಿಮಗಿರಿ ಎಲ್ಲೂ ಓಡಿಹೋಗಲ್ಲ."

"ಅವತ್ತು ನಿನ್ನ ಉತ್ತರಪತ್ರಿಕೆ ತುಂಬ ಕೆಂಪು ಗೀಟು ಎಳೆದಿದ್ದೆ. ಸೇಡು ತೀರಿಸ್ಕೋ ಬಿಡು," ಎಂದು ಕೆಂಜೆಗುಲ್ ನಕ್ಕು ಇಡೀ ಪ್ಯಾರಾ ಅಳಿಸಿದಳು.

ಬೆಳಗ್ಗೆ ಹತ್ತರ ಸುಮಾರಿಗೆ ಇಬ್ಬರ ಮೊಬೈಲೂ ಒಟ್ಟಿಗೇ ಗುಂಯ್‌ಗುಟ್ಟಿದವು. ಬೊಝಾಲಾ ಘಟ್ಟದಲ್ಲಿ ಹಿಮ ಕುಸಿದು ಪ್ರಯಾಣಿಕರ ವ್ಯಾನು ಮುಚ್ಚಿಹೋಗಿದೆ, ಯಾರೂ ಉಳಿದಿಲ್ಲ ಎಂಬ ಸಂದೇಶ. ಜೊತೆಗೊಂದು ಫೋಟೋ. ನೋಡನೋಡುತ್ತಿದ್ದಂತೆ ಅದು ಊರಿನ ಎಲ್ಲ ಗುಂಪುಗಳಲ್ಲೂ ಹರಿದಾಡಿತು.

"ಎಲ್ಲರೂ ಹಾಕ್ಬಿಟ್ರು, ನಾವೇ ಹಿಂದೆ!" ಐಝಿರೆಕ್‌ಳ ಬೆರಳು ಆಗಲೇ ಕೀಲಿಮಣೆಯ ಮೇಲಿತ್ತು.

ಕೆಂಜೆಗುಲ್ ಅವಳ ಮಣಿಕಟ್ಟು ಹಿಡಿದಳು. "ತಡಿ. ಈ ಫೋಟೋದಲ್ಲಿ ಎಷ್ಟು ಮರ ಇದೆ ನೋಡು. ಬೊಝಾಲಾ ತುದೀಲಿ ಒಂದು ಪೊದೆ ಬೆಳೆಯುತ್ತಾ? ಏಳನೇ ಕ್ಲಾಸಲ್ಲಿ ಹೇಳ್ಕೊಟ್ಟಿದ್ದೆ!"

ಐಝಿರೆಕ್ ಕಣ್ಣರಳಿಸಿದಳು. "ಇದು ಬೇರೆಲ್ಲೋ ತೆಗೆದಿದ್ದು!"

ಘಟ್ಟದ ಮೇಲೆ ರಸ್ತೆ ಕೆಲಸದವರ ಗುಡಿಸಲಿತ್ತು. ಅಲ್ಲಿನ ಮೇಸ್ತ್ರಿ ಕುಬಾತ್ ಕೂಡ ಕೆಂಜೆಗುಲ್‌ಳ ಶಿಷ್ಯನೇ. ಆರು ಸಲ ಕರೆ ಸಿಗಲಿಲ್ಲ. ಏಳನೆಯ ಸಲ ಗಾಳಿಯ ಬೊಬ್ಬೆಯ ನಡುವೆ ಅವನ ದನಿ ಕೇಳಿತು.

"ಸತ್ರಾ? ಯಾರು ಸತ್ತಿದ್ದು ಟೀಚರ್? ಎಲ್ಲ ಇಲ್ಲೇ ಕೂತು ನನ್ನ ಬೊರ್ಸೊಕ್ ತಿಂಡಿ ಡಬ್ಬಿ ಖಾಲಿ ಮಾಡ್ತಿದಾರೆ! ವ್ಯಾನು ಅರ್ಧ ಮುಚ್ಚಿದೆ, ಅಷ್ಟೇ."

ಕೆಂಜೆಗುಲ್ ಪೆನ್ನು ಕೈಗೆತ್ತಿಕೊಂಡಳು. "ಒಬ್ಬೊಬ್ಬರಿಗೂ ಫೋನ್ ಕೊಡು. ಹೆಸರು, ಊರು ಅವರೇ ಹೇಳ್ಲಿ."

ಫೋನು ಕೈಯಿಂದ ಕೈಗೆ ದಾಟಿತು. ಅವಳು ಬರೆಯುತ್ತ ಹೋದಳು. ಹತ್ತು ಹೆಸರಾದವು. ವ್ಯಾನಿನ ಚಾಲಕ ಕೊಟ್ಟ ಲೆಕ್ಕದಲ್ಲಿ ಅವನೂ ಸೇರಿ ಹನ್ನೊಂದು.

"ಇನ್ನೊಬ್ಬರೆಲ್ಲಿ?"

"ಹೊರಗೆ ಹೋದ್ರು. ಅಸಾನ್‌ಕುಲ್ ಅಜ್ಜ, ಟಗರು ವ್ಯಾನಲ್ಲೇ ಉಳೀತು ಅಂತ."

"ಕರ್ಕೊಂಡು ಬಾ. ಅವರ ದನಿ ಕೇಳದೆ ನಾನು ಹನ್ನೊಂದು ಅಂತ ಬರೆಯಲ್ಲ."

ನಾಲ್ಕು ನಿಮಿಷ. ಅಷ್ಟರಲ್ಲಿ ಐಝಿರೆಕ್ ರಕ್ಷಣಾ ದಳಕ್ಕೆ ಫೋನು ಮಾಡಿ ಯಾರೂ ಸತ್ತಿಲ್ಲವೆಂದು ಖಚಿತಪಡಿಸಿಕೊಂಡಳು. ಕಡೆಗೂ ಆ ಕಡೆಯಿಂದ ಏದುಸಿರು, ಅದರ ಹಿಂದೆಯೇ ಟಗರಿನ ಕೂಗು. "ಯಾರಮ್ಮ ಇದು? ಬದುಕಿದೀನಿ, ಬದುಕಿದೀನಿ. ಹಾಗಂತ ಬರ್ಕೋ!"

ಕೆಂಜೆಗುಲ್ ನಿಂತುಕೊಂಡೇ ಟೈಪಿಸಿದಳು: "ಬೊಝಾಲಾ ಘಟ್ಟದಲ್ಲಿ ಇಂದು ಬೆಳಗ್ಗೆ ಹಿಮಕ್ಕೆ ಸಿಲುಕಿದ್ದ ವ್ಯಾನಿನ ಹನ್ನೊಂದು ಮಂದಿಯೂ ಸುರಕ್ಷಿತರಾಗಿದ್ದಾರೆ, ಎಲ್ಲರೂ ನಮ್ಮ ಜೊತೆ ಮಾತನಾಡಿದ್ದಾರೆ." ಕೆಳಗೆ ಅವರ ಹೆಸರು, ಊರುಗಳು. ಹರಿದಾಡುತ್ತಿರುವ ಫೋಟೋ ಆ ಘಟ್ಟದ್ದಲ್ಲವೆಂದು ಒಂದು ಸಾಲು. ಹತ್ತು ಐವತ್ತೆರಡಕ್ಕೆ ಐಝಿರೆಕ್ ಗುಂಡಿ ಒತ್ತಿದಳು.

ಓದಿದವರ ಸಂಖ್ಯೆ ನೂರಾಯಿತು, ಸಾವಿರವಾಯಿತು, ಮಧ್ಯಾಹ್ನದೊಳಗೆ ಮೂವತ್ತು ಸಾವಿರ ದಾಟಿತು. ಹೆಂಗಸೊಬ್ಬಳು ಅಳುತ್ತಲೇ ಮೆಟ್ಟಿಲೇರಿ ಬಂದು, ಪರದೆಯ ಮೇಲೆ ತನ್ನ ಗಂಡನ ಹೆಸರನ್ನು ಬೆರಳಿನಿಂದ ಮುಟ್ಟಿ ನೋಡಿ, ಕೆಂಜೆಗುಲ್‌ಳನ್ನು ಬಿಗಿಯಾಗಿ ತಬ್ಬಿಕೊಂಡಳು.

ಮೂರು ಗಂಟೆಗೆ ಅಸಾನ್‌ಕುಲ್ ಅಜ್ಜನ ಫೋನು ಬಂತು. "ನಮ್ಮೂರು ಮೇಲಿನ ಚೊಲೊಕ್ ಕಣಮ್ಮ. ಕೆಳಗಿನ ಚೊಲೊಕ್ ಅಂತ ಹಾಕಿದೀಯಂತೆ! ಆ ಊರಿನೋರು ಈಗ ನನ್ನನ್ನ ತಮ್ಮೋನು ಅಂತ ಜಂಬ ಕೊಚ್ಕೊತಿದಾರೆ."

ಭೂಗೋಳದ ಟೀಚರ್‌ಗೆ ಮುಖ ಕೆಂಪಾಯಿತು. "ಸದ್ದಿಲ್ಲದೆ ತಿದ್ದಿಬಿಡ್ಲಾ?"

"ಸದ್ದು ಮಾಡಿಯೇ ತಿದ್ದಿ," ಎಂದಳು ಐಝಿರೆಕ್. "ಏನು ತಪ್ಪಾಗಿತ್ತು, ಯಾವಾಗ ಸರಿಮಾಡಿದ್ವಿ, ಎರಡೂ ಕೆಳಗೆ ಇರ್ಲಿ. ಆಗಲೇ ಜನ ನಂಬೋದು."

ಕೆಂಜೆಗುಲ್ ತಪ್ಪೊಪ್ಪಿಕೊಂಡು ಒಂದು ಸಾಲು ಬರೆದಳು. ತಣ್ಣಗಾದ ಚಹಾವನ್ನು ಒಂದೇ ಗುಟುಕಿಗೆ ಮುಗಿಸಿ, ಮತ್ತೆ ಘಟ್ಟದ ನಂಬರು ಒತ್ತಿದಳು. ಹಿಮ ತೆಗೆಯುವ ಯಂತ್ರಗಳು ಎಷ್ಟು ಹೊತ್ತಿಗೆ ಮೇಲೆ ತಲುಪುತ್ತವೆ, ದಾರಿ ಯಾವಾಗ ತೆರೆಯುತ್ತದೆ ಎಂದು ಕುಬಾತ್‌ನನ್ನು ಕೇಳಬೇಕಿತ್ತು.