ಹಣಮಂತ್ರಾಯನ ಬೆನ್ನಿನ ಮದ್ದು

ಇದನ್ನು ಹೇಳುವ ಯೋಗ್ಯತೆ ನನಗಿದೆಯೋ ಇಲ್ಲವೋ ತಿಳಿಯದು. ಮೂಟೆ ಹೊರುತ್ತಲೇ ಭಿವಂಡಿ ಹತ್ತಿರದ ಕಲ್ಯಾಣದ ಸಂಜೆ ಶಾಲೆಯಲ್ಲಿ ಹತ್ತನೆಯ ತರಗತಿ ಮುಗಿಸಿದವನು ನಾನು, ಅದೂ ಎರಡನೆಯ ಸಲಕ್ಕೆ. ತಪ್ಪಿದ್ದರೆ ಕ್ಷಮಿಸಿ. ಸುಮ್ಮನಿರಬಹುದಿತ್ತು. ಆದರೆ ಆ ಫಾರಂ ತುಂಬಿದ ಕೈ ನನ್ನದೇ.

"ಏಳಾ ಬೇವರ್ಸಿ! ಎಂಥ ನಾಟಕ ಅದು?"

ಭಿವಂಡಿಯ ನಮ್ಮ ಗೋದಾಮಿನ ಮ್ಯಾನೇಜರ್ ಪುಂಡರೀಕಾಕ್ಷ ಹೀಗೆ ಕೂಗುವಾಗ ಹಣಮಂತ್ರಾಯ ಕಾಕಾ ಲಾರಿಯ ಹಲಗೆಯ ಮೇಲೆ ಮೊಣಕಾಲೂರಿ ಕೂತಿದ್ದ. ತೊಂಬತ್ತು ಕಿಲೋದ ಬಟ್ಟೆ ಮೂಟೆ ಅವನ ಬೆನ್ನಿನಿಂದ ಜಾರಿ ಪಕ್ಕಕ್ಕೆ ಬಿದ್ದಿತ್ತು.

"ನಾಟಕ ಅಲ್ರೀ ಸಾಹೇಬ್ರ. ಸೊಂಟದಾಗ ಏನೋ ಚಟ್ ಅಂತು. ಎಡಗಾಲು ಇಲ್ಲದಂಗ ಆಗ್ಯಾದ್ರೀ."

"ಕಾಲು ಇಲ್ಲದಿದ್ರೆ ತೆವಳು. ಲಾರಿಯವ ಎಂಥ, ನಿನ್ನಪ್ಪನ ಮನೆ ಆಳಾ, ಕಾಯ್ಲಿಕ್ಕೆ?" ಅಂದವನು ಜೇಬಿನಿಂದ ತಂಬಾಕಿನ ಪುಡಿಕೆ ತೆಗೆದು ಎಸೆದ. ಅದು ಕಾಕಾನ ತೊಡೆಗೆ ತಾಗಿ ಕೆಳಗೆ ಬಿತ್ತು. "ಇಕೊ, ಮದ್ದು. ಬಾಯಿಗೆ ಹಾಕು, ಏಳು."

ನಮ್ಮ ಗೋದಾಮಿನಲ್ಲಿ ಚಹಾಕ್ಕೆ ಬಿಡುವಿಲ್ಲ. ಚಹಾಕ್ಕೆ ಹೋದವನು ಹತ್ತು ನಿಮಿಷ ಹೋಗುತ್ತಾನೆ, ತಂಬಾಕು ತಿಕ್ಕುವವನು ನಿಂತಲ್ಲೇ ತಿಕ್ಕುತ್ತಾನೆ. ಅದಕ್ಕೇ ಪ್ರತಿ ಲಾರಿಗೂ ಆಳಿಗೊಂದು ಪುಡಿಕೆ ಬಿಟ್ಟಿ, ಜೊತೆಗೆ ಸುಣ್ಣ. ಹದಿನಾರು ವರ್ಷದ ಹಿಂದೆ ಪುಂಡರೀಕಾಕ್ಷ ತಂದ ಪದ್ಧತಿ ಇದು. ಡೊಂಬಿವಲಿಯಲ್ಲಿ ಅವನ ಅಣ್ಣನ ಸಸ್ಯಾಹಾರಿ ಹೋಟೆಲಿದೆ. ಬಾಯಲ್ಲಿ ತಂಬಾಕು ಇಟ್ಟುಕೊಂಡು ಬಂದವರನ್ನು ಅಲ್ಲಿ ಬಾಗಿಲಲ್ಲೇ ನಿಲ್ಲಿಸುತ್ತಾರೆ.

ತಂಬಾಕು ಇಟ್ಟರೆ ಹಸಿವು ಸಾಯುತ್ತಿತ್ತು. ಸೊಂಟದ ನೋವೂ ಸತ್ತ ಹಾಗೆ ಅನಿಸುತ್ತಿತ್ತು. ನೋವು ಎಂದು ಯಾರು ಹೋದರೂ ಪುಂಡರೀಕಾಕ್ಷ ಇನ್ನೊಂದು ಪುಡಿಕೆ ಕೊಟ್ಟು ಮದ್ದು ಅನ್ನುತ್ತಿದ್ದ. ನಾವೂ ಹಾಗೇ ಕರೆಯತೊಡಗಿದೆವು. ಖಾಲಿ ಪುಡಿಕೆಗಳನ್ನು ಕಾಕಾ ಎಸೆಯುತ್ತಿರಲಿಲ್ಲ. ಮೂಟೆ ಒತ್ತದಿರಲಿ ಎಂದು ಬೆನ್ನಿಗೆ ಕಟ್ಟಿಕೊಳ್ಳುವ ಗೋಣಿಯ ದಿಂಬಿನೊಳಗೆ ತುಂಬುತ್ತಿದ್ದ. "ತಂಬಾಕ ಬಾಯಿಗಿ, ಚೀಟಿ ಬೆನ್ನಿಗಿ. ಸಾಹೇಬ್ರ ಮದ್ದು ಎರಡೂ ಕಡಿ ಹತ್ತತದ ನೋಡ್ರಿ" ಎಂದು ನಗಿಸುತ್ತಿದ್ದ.

ಅವತ್ತು ಕಾಕಾ ಏಳಲಿಲ್ಲ. ನಾಲ್ಕು ಜನ ಹೊತ್ತು ಸರ್ಕಾರಿ ಆಸ್ಪತ್ರೆಗೆ ಒಯ್ದೆವು. ಬೆನ್ನೆಲುಬಿನ ಮಣಿಗಳ ನಡುವಿನ ಗಾದಿ ಹೊರಗೆ ಬಂದು ನರ ಒತ್ತುತ್ತಿದೆ, ಬೇಗ ಆಪರೇಷನ್ ಆಗಬೇಕು, ತಡವಾದರೆ ಪಾದ ಮತ್ತೆ ಎತ್ತಲಾಗದು ಎಂದರು. ಅಲ್ಲಿ ಸರದಿ ಮೂರು ತಿಂಗಳಾಚೆ ಇತ್ತು. ಕೆಲಸದಲ್ಲಿ ಆದ ಪೆಟ್ಟು ಎಂದು ಕಂಪನಿ ಒಪ್ಪಿದರೆ ಅವರೇ ಬೇರೆ ಆಸ್ಪತ್ರೆಯಲ್ಲಿ ಮಾಡಿಸಬೇಕು. ಅದಕ್ಕೊಂದು ಫಾರಂ. ಓದಿದವನು ಎಂದು ಎಲ್ಲರೂ ನನ್ನನ್ನು ಮಾಸ್ತರ ಅನ್ನುತ್ತಾರೆ. ನಾನೇ ತುಂಬಿದೆ.

ಒಂದು ಕಾಲಂ ಹೀಗಿತ್ತು: ಈ ನೋವಿಗೆ ಮೊದಲು ತೆಗೆದುಕೊಂಡ ಔಷಧ.

"ಏನು ಬರೀಲಿ ಕಾಕಾ?"

"ಮದ್ದು ಅಂದ್ರ ಅದೇ ಅಲ್ಲೇನೋ ತಮ್ಮಾ. ಹದಿನಾರು ವರ್ಷ."

ಸುಳ್ಳು ಬರೆಯಬಾರದೆಂದು ಶಾಲೆಯಲ್ಲಿ ಕಲಿಸಿದ್ದರು. ಬರೆದೆ: ತಂಬಾಕು, ಹದಿನಾರು ವರ್ಷ.

ಕಂಪನಿಯ ಡಾಕ್ಟರ್ ಕಶ್ಯಪ ಸಾನಪಾಡಾದಲ್ಲಿದ್ದ. ಉಡುಪಿಯವರ ಮಗ, ಹುಟ್ಟಿದ್ದು ಇಲ್ಲೇ. ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಪುಂಡರೀಕಾಕ್ಷ ಮೊದಲೇ ಬಂದು ಕುರ್ಚಿಯಲ್ಲಿದ್ದ. ಕಾಕಾ ಹೆಂಡತಿ ಸಾಬಮ್ಮನ ಹೆಗಲು ಹಿಡಿದು ನಿಂತಿದ್ದ. ಕೂರು ಎಂದು ಯಾರೂ ಹೇಳಲಿಲ್ಲ. ಡಾಕ್ಟರ್ ಅವನ ಬೆನ್ನು ಮುಟ್ಟಲಿಲ್ಲ. ಫಾರಂನ ಔಷಧದ ಕಾಲಂ ಓದಿದ, ನಕ್ಕ.

"ದವಾಯೀ ಮೇಂ ತಂಬಾಕೂ! ವಾಹ್!"

ಆಮೇಲೆ ಪುಂಡರೀಕಾಕ್ಷನಿಗೆ ಏನೇನೋ ವಿವರಿಸಿದ. ಅದನ್ನು ಇವನು ನಮಗೆ ಬಾಯಿ ಚಪ್ಪರಿಸುತ್ತ ಕನ್ನಡದಲ್ಲಿ ಒಪ್ಪಿಸಿದ.

"ಕೇಳಿದ್ಯಾ? ತಂಬಾಕಿನಲ್ಲಿ ನಿಕೋಟಿನ್ ಉಂಟು. ಅದು ರಕ್ತದ ನಾಳ ಸಣ್ಣ ಮಾಡ್ತದೆ. ಬೆನ್ನಿನ ಗಾದಿಗೆ ಊಟವೇ ಹೋಗುದಿಲ್ಲ. ಒಣಗ್ತದೆ, ಬಿರಿತದೆ. ನೀನೇ ತಿಂದದ್ದು, ನೀನೇ ಹಾಳು ಮಾಡಿಕೊಂಡದ್ದು. ಮೂಟೆ ಎಂಥ ಮಾಡ್ತದೆ ಪಾಪ?"

"ನೀವೇ ಕೊಟ್ಟಿದ್ರಲ್ರೀ ಸಾಹೇಬ್ರ, ಮದ್ದು ಅಂತ."

"ಬಾಯಿಗೆ ನಾನು ಹಾಕಿದ್ದಾ? ನಿಮ್ಮ ಜಾತಿಯೇ ಅಷ್ಟು ಮಾರಾಯ. ಬಿಟ್ಟಿ ಸಿಕ್ಕಿದ್ರೆ ವಿಷವೂ ನೆಕ್ಕುತ್ತೀರಿ."

ಸಾಬಮ್ಮನ ಹೆಗಲ ಮೇಲಿದ್ದ ಕಾಕಾನ ಬೆರಳುಗಳು ಬಿಗಿಯಾದದ್ದನ್ನು ನೋಡಿದೆ. ಡಾಕ್ಟರ್ ಬರೆದ: ಕಾರಣ ಚಟ. ಕೆಲಸಕ್ಕೆ ಸಂಬಂಧವಿಲ್ಲ.

ಹೊರಗೆ ಬಂದ ಮೇಲೆ ಕಾಕಾ ಕೇಳಿದ, "ಏನು ಬರದಿದ್ದಿ ತಮ್ಮಾ?"

"ನೀ ಹೇಳಿದ್ದೇ, ಕಾಕಾ."

"ಹಂಗಾದ್ರ ಸರೀನೇ ಬರದಿ ಬಿಡು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಡಾಕ್ಟರ್ ಹೇಳಿದ್ದು ಸುಳ್ಳಾಗಿರಲಿ ಎಂದು ಆಸೆಪಟ್ಟು ಸರ್ಕಾರಿ ಆಸ್ಪತ್ರೆಯ ಸುಮೇಧಾ ಡಾಕ್ಟರನ್ನು ಕೇಳಿದೆ. ನಿಕೋಟಿನ್ನಿನಿಂದ ಹಾಗಾಗಬಹುದು, ಆಪರೇಷನ್ ಆದರೂ ತಂಬಾಕು ಬಿಡದಿದ್ದರೆ ಗಾಯ ಬೇಗ ಮಾಯುವುದಿಲ್ಲ ಎಂದರು. "ಆದರೆ ದಿನಾ ಅಷ್ಟು ಭಾರ ಹೊತ್ತರೂ ಬೆನ್ನು ಹೋಗುತ್ತದೆ. ಇವನಿಗೆ ಎರಡೂ ಆಗಿದೆ."

"ಯಾವುದರಿಂದ ಎಷ್ಟು, ಮೇಡಂ?"

"ಅದನ್ನು ಬೇರೆ ಮಾಡಿ ಹೇಳೋಕೆ ಆಗಲ್ಲ."

ಸೋಮವಾರ ಬೆಳಿಗ್ಗೆ ಸಾಬಮ್ಮ ಗೋದಾಮಿಗೆ ಬಂದಳು. ಕಂಕುಳಲ್ಲಿ ಕಾಕಾನ ಗೋಣಿ ದಿಂಬು, ಕೈಯಲ್ಲಿ ಬ್ಲೇಡು. ಮೂಟೆಗಳ ಪಟ್ಟಿ ಹಿಡಿದು ನಾನು ಪುಂಡರೀಕಾಕ್ಷನ ಮೇಜಿನ ಪಕ್ಕದಲ್ಲೇ ನಿಂತಿದ್ದೆ. ಡಾಕ್ಟರ ಚೀಟಿ ಚುಚ್ಚಿದ ಫಾರಂ ಮೇಜಿನ ಮೇಲಿತ್ತು.

"ಇವಳನ್ನು ಯಾರಾ ಒಳಗೆ ಬಿಟ್ಟದ್ದು?"

ಸಾಬಮ್ಮ ದಿಂಬನ್ನು ಮೇಜಿನ ಮೇಲಿಟ್ಟು ಉದ್ದಕ್ಕೆ ಸೀಳಿದಳು. ಬೆವರಿಗೆ ಅಂಟಿ ಗಟ್ಟಿಯಾದ ಪುಡಿಕೆಗಳು ಹೊರಬಿದ್ದವು. ಮೇಜು ತುಂಬಿತು, ಅವನ ತೊಡೆ ತುಂಬಿತು. ಟಿಫಿನ್ ಡಬ್ಬಿಯ ಮೇಲೂ ಬಿದ್ದವು. ಹಳೆಯ ತಂಬಾಕಿನ ನಾತ ಎದ್ದಿತು. ಅವನು ಮೂಗು ಮುಚ್ಚಿಕೊಂಡ.

"ಮೂಗು ಯಾಕ ಮುಚ್ಚಿಗೊಳ್ತಿ? ನಿನ್ನ ಮದ್ದೇ ಅದ ಇದು," ಅಂದಳು. ನಮ್ಮಲ್ಲಿ ಯಾರೂ ಅವನನ್ನು ನೀನು ಅಂದದ್ದಿಲ್ಲ. "ಊರಾಗ ನನ್ನ ಗಂಡ ಅಡಿಕಿ ಚೂರು ಸುದ್ದಾ ಬಾಯಾಗ ಹಾಕ್ತಿದ್ದಿಲ್ಲ. ಇದ್ರಾಗ ಅಂವ ಕೊಂಡಿದ್ದು ಯಾವ್ದು, ಆರಿಸಿ ತೋರಸಲೇ ಹಾಟ್ಯಾ!"

ಪುಂಡರೀಕಾಕ್ಷ ಎದ್ದು ನಿಂತ. "ಮಾಸ್ತರ, ಬರಿ. ಈ ಹೆಂಗಸು ಬ್ಲೇಡು ಹಿಡಿದು ಆಫೀಸಿಗೆ ನುಗ್ಗಿದಳು ಅಂತ ಬರಿ. ಸಾಕ್ಷಿ ನೀನು. ನಾಳೆಯೂ ಇಲ್ಲಿ ಕೆಲಸ ಬೇಕಾ ಬೇಡವಾ?"

ಕೆಲಸ ಬೇಕಿತ್ತು. ಈಗಲೂ ಬೇಕು. ಪೆನ್ನು ತೆಗೆದೆ. ಪುಡಿಕೆಗಳ ಕೆಳಗಿಂದ ಫಾರಂ ಎಳೆದುಕೊಂಡೆ. ಔಷಧದ ಕಾಲಮ್ಮಿನಲ್ಲಿ ನನ್ನದೇ ಅಕ್ಷರದ ಪಕ್ಕ ಸ್ವಲ್ಪ ಜಾಗ ಉಳಿದಿತ್ತು. ಬರೆದು ಗಟ್ಟಿಯಾಗಿ ಓದಿದೆ.

"ತಂಬಾಕು, ಹದಿನಾರು ವರ್ಷ. ಔಷಧ ಎಂದು ಕೊಟ್ಟವರು: ಮ್ಯಾನೇಜರ್ ಪುಂಡರೀಕಾಕ್ಷ. ಸಾಕ್ಷಿ: ನಾನು."

"ಹರಿ ಅದನ್ನು."

ಹರಿಯಲಿಲ್ಲ. ಮಡಚಿ ಸಾಬಮ್ಮನ ಕೈಗೆ ಕೊಟ್ಟೆ. ಹೊರಗೆ ಲಾರಿ ಹಾರ್ನ್ ಹೊಡೆಯುತ್ತಿತ್ತು. ಮೂಟೆಗಳ ಮೇಲೆ ಕೂತಿದ್ದ ಹನ್ನೊಂದು ಜನ ಬಾಗಿಲ ಕಡೆ ನೋಡುತ್ತಿದ್ದರು. ಲಾರಿ ತುಂಬಲು ಯಾರೂ ಏಳಲಿಲ್ಲ. ನನ್ನ ಕೆಳದುಟಿಯೊಳಗೆ ಬೆಳಗಿನ ತಂಬಾಕಿನ ಚಿಟಿಕೆ ಇನ್ನೂ ಉರಿಯುತ್ತಿತ್ತು. ಅದನ್ನು ಅವನ ಮೇಜಿನ ಮೇಲೆ ಉಗಿದೆ.

ಆ ಕಾಗದ ಯಾರನ್ನು ಒಪ್ಪಿಸುತ್ತದೋ ಗೊತ್ತಿಲ್ಲ. ಕಾಕಾನ ಪಾದ ಮತ್ತೆ ಏಳುತ್ತದೋ ಗೊತ್ತಿಲ್ಲ. ಅವನ ಬೆನ್ನನ್ನು ತಂಬಾಕು ಎಷ್ಟು ತಿಂದಿತು, ಮೂಟೆ ಎಷ್ಟು ತಿಂದಿತು, ಅದೂ ನನಗೆ ಗೊತ್ತಿಲ್ಲ.