ಕೊರಳೊಳಗಿದ್ದ ಸಿಟ್ಟು

ಅಂಗಳದ ತುಂಬ ಹರಡಿದ ಹುರುಳಿಯ ಮೇಲೆ ಎಳೆಬಿಸಿಲು, ಕೋಳಿಯೊಂದು ಮೆಲ್ಲಗೆ ಕಾಲಿಟ್ಟಿತು, ಚಿಕ್ಕಮಾದಮ್ಮ ಹುಶ್ ಎಂದಳು, ಅದು ಮತ್ತೆ ಬಂತು, ಕಡ್ಡಿ ಎಸೆದಳು, ಸಿಟ್ಟು ಬಂತು — ಬಂದ ಕೂಡಲೇ ಉಸಿರು ಹಿಡಿದು ಕೂತಳು, ಎದೆ ಈಗ ಡವಡವ ಶುರುಮಾಡುತ್ತದೇನೋ, ಅಂಗೈ ಬೆವರುತ್ತದೇನೋ ಎಂದು ಕಾದಳು, ಏನೂ ಇಲ್ಲ, ಕೋಳಿ ಬೇಲಿಯಾಚೆ ಹೋಯಿತು, ಸಿಟ್ಟೂ ಅದರ ಹಿಂದೆಯೇ ಹೋಯಿತು, ಎಷ್ಟು ಚಿಕ್ಕ ಸಿಟ್ಟು, ಎಲ್ಲರಿಗೂ ಬರುವಂಥದ್ದು, ಅವಳಿಗೆ ನಗು ಬಂತು, ಹೋದ ವರ್ಷ ಇದೇ ಮಾಗಿಯಲ್ಲಿ ಸೋಮನಹಳ್ಳಿಗೆ ಸೋಮನಹಳ್ಳಿಯೇ ಕಂಬಳಿ ಹೊದ್ದಿದ್ದರೆ ಇವಳೊಬ್ಬಳು ಸೆರಗು ಬೀಸಿಕೊಂಡು ಜಗಲಿಯಲ್ಲಿ, ಎರಡು ಮುದ್ದೆ ಉಂಡರೂ ರವಿಕೆ ಜೋಲುತ್ತಿತ್ತು, ಮೈಸೂರು ರಸ್ತೆಯಲ್ಲಿ ಬಸ್ಸು ಕೂಗಿದರೂ ಹಲ್ಲು ಕಚ್ಚುತ್ತಿದ್ದಳು, ಗಂಡ ನಿಂಗಯ್ಯ ಕೆಮ್ಮಿದರೂ ಮೈಯೆಲ್ಲ ಉರಿ, ಗಾಳಿ ಸೋಕೈತೆ ಕಣ್ಲಾ ನಿಂಗ, ಬೇವಿನ ಸೊಪ್ಪಲ್ಲಿ ಇಳಿಸು ಅಂದರು ಊರವರು, ಇಳಿಸಿದರು, ಇಳಿಯಲಿಲ್ಲ, ಆಮೇಲೆ ಆ ಬೆಳಿಗ್ಗೆ — ಅದನ್ನು ನೆನೆಯಬಾರದು, ಆದರೂ ನೆನೆಯುತ್ತಾಳೆ — ಸಾರಿಗೆ ಉಪ್ಪು ಕಮ್ಮಿ ಆಯ್ತು ಕಣವ್ವ ಎಂದಳು ಅತ್ತೆ ಅಂಕಮ್ಮ, ಅಷ್ಟೇ ಅಂದದ್ದು, ಒಲೆಯ ಮೇಲೆ ಕುದಿಯುತ್ತಿದ್ದ ಎಸರು, ಅತ್ತೆಯ ತೋಳು, ಈರುಳ್ಳಿ ಸಿಪ್ಪೆಯಂತೆ ಎದ್ದ ತೊಗಲು, ಇವಳ್ನ ತವರ್ಗೆ ಬುಟ್ಟು ಬತ್ತೀನಿ ಎಂದು ನಿಂಗಯ್ಯ ಗಾಡಿ ಕಟ್ಟಿದ, ಅತ್ತೆ ತೋಳಿಗೆ ಬಟ್ಟೆ ಸುತ್ತಿಕೊಳ್ಳುತ್ತಲೇ ಅಂದಳು, ತವರ್ಗೆ ಬ್ಯಾಡ ಕಣ್ಲಾ, ಮದ್ದೂರ ಆಸ್ಪತ್ರೆಗೆ ಓಗವ, ನನ್ ತೋಳ್ನೂ ತೋರ್ಸವ ಅವಳ್ನೂ ತೋರ್ಸವ, ಇದು ನಮ್ ಮಾದಿ ಅಲ್ಲ.

ಕಾಂಪೌಂಡರ್ ಶೌಕತ್ ಅಲಿ ಅತ್ತೆಯ ತೋಳಿಗೆ ಮುಲಾಮು ಹಚ್ಚುತ್ತ ಸೊಸೆಯನ್ನೇ ನೋಡುತ್ತಿದ್ದ, ಏನಮ್ಮ ನಿನ್ನ ಕಣ್ಣು ಇಷ್ಟು ಹೊರಕ್ಕೆ ಬಂದವೆ, ಕೈ ಚಾಚು, ಚಾಚಿದಳು, ಬೆರಳ ಮೇಲೆ ಅವನಿಟ್ಟ ಕಾಗದ ಅರಳಿ ಎಲೆಯಂತೆ ಅದುರಿತು, ಇದು ಗಾಳಿ ಅಲ್ಲ, ಮೈಸೂರಿಗೆ ಕರಕೊಂಡೋಗಿ ಅಂದ, ಮೈಸೂರಿನ ಡಾಕ್ಟರಮ್ಮ ಕೊರಳು ಸವರಿ, ಇಲ್ಲೊಂದು ಗ್ರಂಥಿ ಇದೆಯಮ್ಮ, ಅಳತೆ ಮೀರಿ ರಸ ಸುರಿಸ್ತಿದೆ, ಅದು ರಕ್ತಕ್ಕೆ ಸೇರಿ ಎದೆ ಓಡಿಸುತ್ತೆ, ಮಿದುಳು ಕೆರಳಿಸುತ್ತೆ ಅಂದರು, ಹದಿನೈದು ದಿನ ಹಾಲಿನಲ್ಲಿ ಔಷಧಿ, ಆಮೇಲೆ ಕೊಯ್ದು ತೆಗೆದರು, ಹಂಗಾರೆ ಅತ್ತೆಗೆ ಎಸರು ಎರಚಿದ್ದು ನಾನಾ, ಆ ರಸವಾ ಎಂದು ಕೇಳಿದಳು, ಡಾಕ್ಟರಮ್ಮ ಅವಳ ಹಾಸಿಗೆಯ ಮೇಲೇ ಕೂತು, ಅದು ನನಗೂ ಸರಿಯಾಗಿ ಗೊತ್ತಿಲ್ಲಮ್ಮ ಅಂದರು, ಊರಿಗೆ ಬಂದು ಆರು ತಿಂಗಳು, ಮೈ ತುಂಬಿಕೊಂಡಿದೆ, ನಿದ್ದೆ ಬರುತ್ತದೆ, ನಿಂಗಯ್ಯ ಕೆಮ್ಮಿದರೆ ಬೆಲ್ಲದ ನೀರು ಕಾಯಿಸುತ್ತಾಳೆ, ಒಂದೇ ಒಂದು ಕೊರತೆ, ಅವಳು ಒಲೆಯ ಮುಂದಿದ್ದರೆ ಅತ್ತೆ ಒಳಗೆ ಬರುವುದಿಲ್ಲ, ಹೊಸಿಲಾಚೆಯೇ ನಿಂತು ಮಾತಾಡುತ್ತಾಳೆ, ನಗುತ್ತಲೇ ಮಾತಾಡುತ್ತಾಳೆ, ಆದರೆ ಹೊಸಿಲಾಚೆ, ಇರಲಿ, ಅವಳ ಭಯ ಅವಳದು, ಅದನ್ನು ಯಾವ ಡಾಕ್ಟರು ಕೊಯ್ದಾರು — ಯಾರೋ ಕುಂಟುತ್ತ ಬಂದರು, ಅತ್ತೆಯೇ, ಬದುವಿನಿಂದ, ಮಾದಿ, ಜಾಲಿ ಮುಳ್ಳು ಕಣವ್ವ, ನಂಗೆ ಕಣ್ ಕಾಣಾಕಿಲ್ಲ, ನೀನೇ ತಗಿ, ಬಳೆಯಲ್ಲಿದ್ದ ಪಿನ್ನು ಬಿಚ್ಚಿ ಇವಳ ಕೈಗೆ ಕೊಟ್ಟಳು, ಎದುರಿಗೆ ಕೂತು ಕಾಲನ್ನು ಇವಳ ಮಡಿಲಿಗೆ ಇಟ್ಟಳು, ಮುಖ ಆಚೆ ತಿರುಗಿಸಿ ರಸ್ತೆ ನೋಡುತ್ತ ಕೂತಳು, ನೋಯ್ತದೆ ಅತ್ತೆ, ನೋಯ್ಲಿ ತಗಿ, ಒಡೆದ ಹಿಮ್ಮಡಿ, ಅದರೊಳಗೆ ಕಪ್ಪು ಚುಕ್ಕೆ, ಪಿನ್ನಿನ ತುದಿ, ಕಪ್ಪು ಚುಕ್ಕೆ, ಅತ್ತೆಯ ಕಾಲು ಹಿಂದಕ್ಕೆ ಸರಿಯಲಿಲ್ಲ, ಕಪ್ಪು ಚುಕ್ಕೆ, ಮುಳ್ಳಿನ ಮೊನೆ ಮೇಲೆ ಬಂತು.