ಹತ್ತಿದವಳ ಹೆಸರು

ಪೇಟೆ ಕಟ್ಟಡದ ಗೋಪುರದ ಗಡಿಯಾರ ಮತ್ತೆ ನಡೆಯತೊಡಗಿದ ವರ್ಷವೇ ಅದನ್ನು ನಡೆಸಿದವರ ದುಡ್ಡು ನಿಂತುಹೋಯಿತು.

ನಡೆಸಿದವರು ಇಬ್ಬರು ಅಕ್ಕತಂಗಿಯರು. ಗಡಿಯಾರ ರಿಪೇರಿಯ ಅಂಗಡಿ ಅಪ್ಪನಿಂದ ಬಂದದ್ದು, ಗೋಪುರದ ಕೆಲಸವೂ ಅಪ್ಪನಿಂದಲೇ ಬಂದದ್ದು. ಅಕ್ಕ ಎತ್ತರದವಳು, ನಡಿಗೆ ಚುರುಕು. ತಂಗಿ ಕುಳ್ಳಿ, ನಿಧಾನಿ. ಬೀದಿಯವರು ಒಬ್ಬಳನ್ನು ದೊಡ್ಡಮುಳ್ಳು, ಇನ್ನೊಬ್ಬಳನ್ನು ಚಿಕ್ಕಮುಳ್ಳು ಎಂದು ಕರೆಯುತ್ತಿದ್ದರು. ಈಚೆಗೆ ಅಕ್ಕನ ಬಲ ಮಂಡಿ ಸವೆದು, ದೊಡ್ಡಮುಳ್ಳೇ ಚಿಕ್ಕಮುಳ್ಳಿಗಿಂತ ಹಿಂದೆ ಬೀಳತೊಡಗಿತ್ತು. ಆ ತಮಾಷೆಯನ್ನು ಮೊದಲು ಮಾಡಿದವಳೂ ಅಕ್ಕನೇ.

ಅಪ್ಪ ಒಂದು ಕಟ್ಟಳೆ ಮಾಡಿಟ್ಟು ಹೋಗಿದ್ದ. ಗೋಪುರ ಒಂದು ವರ್ಷ ದೊಡ್ಡವಳದು, ಮರುವರ್ಷ ಚಿಕ್ಕವಳದು. ಯಾರು ಹತ್ತುತ್ತಾರೋ ಆ ವರ್ಷದ ಗೋಪುರದ ಸಂಪಾದನೆ ಅವರ ಹೆಸರಿಗೆ. ಹಣ ಬಂದು ಬೀಳುವುದು ಇಬ್ಬರ ಜಂಟಿ ಖಾತೆಗೆ, ಉಣ್ಣುವುದು ಒಂದೇ ಪಾತ್ರೆಯಿಂದ, ಆದರೂ ಹೆಸರು ಮಾತ್ರ ಹತ್ತಿದವಳದು. "ಕೆಳಗೆ ಕೂತೋರು ಹತ್ತಿದೆ ಅನ್ನಬಾರದು" ಎನ್ನುತ್ತಿದ್ದ.

ಆ ವರ್ಷ ಸರದಿ ಅಕ್ಕನದು, ಬಂದದ್ದು ದೊಡ್ಡ ರಿಪೇರಿ. ನಾಲ್ಕೂ ಮುಖಗಳ ಮುಳ್ಳುಗಳನ್ನು ಇಳಿಸಿ, ಹಲ್ಲು ಸವೆದ ಚಕ್ರಗಳನ್ನು ಬದಲಿಸುವ ಕೆಲಸ. ಅಕ್ಕನ ಮಂಡಿ ಊದಿಕೊಂಡಿತ್ತು. ಚಿಕ್ಕಮುಳ್ಳೇ ಹತ್ತಿದಳು. ಬಿಲ್ ಅಂಗಡಿಯ ಹೆಸರಿನಲ್ಲಿ ಹೋಯಿತು. ಕಟ್ಟಡದ ಕಚೇರಿಯವರು ನಿಯಮದಂತೆ ಅದರಲ್ಲೊಂದು ಪಾಲನ್ನು ತೆರಿಗೆಯೆಂದು ಹಿಡಿದು ಸರ್ಕಾರಕ್ಕೆ ಕಟ್ಟಿ, ಮಿಕ್ಕದ್ದನ್ನು ಖಾತೆಗೆ ಹಾಕಿದರು. ಅಂಗಡಿಯ ಆದಾಯ ಸೇರಿಸಿದರೂ ಚಿಕ್ಕಮುಳ್ಳಿನ ಗಳಿಕೆ ತೆರಿಗೆಯ ಮಿತಿ ದಾಟುತ್ತಿರಲಿಲ್ಲ. ರಿಟರ್ನ್ ಸಲ್ಲಿಸಿದರೆ ಹಿಡಿದದ್ದಷ್ಟೂ ರೀಫಂಡ್ ಆಗಿ ವಾಪಸು ಬರಬೇಕು. ಅಕ್ಕನ ಮಂಡಿಯ ಶಸ್ತ್ರಚಿಕಿತ್ಸೆಗೆ ಆಸ್ಪತ್ರೆ ಕೇಳಿದ್ದ ಮುಂಗಡಕ್ಕೆ ಆ ಹಣವನ್ನೇ ಇಬ್ಬರೂ ನೆಚ್ಚಿಕೊಂಡಿದ್ದರು.

ರೀಫಂಡ್ ಬರಲಿಲ್ಲ. ಪಕ್ಕದ ಅಂಗಡಿಯವರಿಗೆಲ್ಲ ಬಂತು. ಆಸ್ಪತ್ರೆಯವರು ದಿನಾಂಕವನ್ನು ಒಮ್ಮೆ ಮುಂದೆ ಹಾಕಿದರು, ಮತ್ತೊಮ್ಮೆ ಹಾಕಿದರು. "ಮೂಳೆಗೆ ಮೂಳೆ ಉಜ್ತಾ ಇದೆ. ಇನ್ನೂ ಕಾದ್ರೆ ಆಪರೇಷನ್ ಮಾಡಿದ್ರೂ ಕಾಲು ಪೂರ್ತಿ ಮಡಚೋಕಾಗಲ್ಲ" ಎಂದರು ವೈದ್ಯರು.

"ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ" ಎಂದು ನಕ್ಕಳು ಅಕ್ಕ.

ಚಿಕ್ಕಮುಳ್ಳಿಗೆ ನಗು ಬರಲಿಲ್ಲ. ತೆರಿಗೆ ಕಚೇರಿಯ ವಿಚಾರಣೆ ಕೌಂಟರಿಗೆ ಹೋಗಿ ನಿಂತಳು. ಅಲ್ಲಿದ್ದ ಹೆಂಗಸು ಅವಳ ತೆರಿಗೆ ಸಂಖ್ಯೆಯನ್ನು ಒತ್ತಿ, ಪರದೆಯನ್ನು ಅವಳತ್ತ ಸ್ವಲ್ಪ ತಿರುಗಿಸಿದಳು.

"ರಿಟರ್ನ್ ಸೇರಿದೆ. ದೃಢೀಕರಣ ಆಗಿದೆ. ಬ್ಯಾಂಕ್ ಖಾತೆ ಸರಿಯಾಗಿದೆ. ಇಲ್ಲಿ ನೋಡಿ, ಇಲ್ಲಿ ನಿಂತಿದೆ. ನಿಮ್ಮಿಂದ ಇಷ್ಟು ತೆರಿಗೆ ಹಿಡಿದಿದ್ದಾರೆ ಅಂತ ನೀವು ಬರೆದಿದ್ದೀರಿ. ನಿಮ್ಮ ಸಂಖ್ಯೆಗೆ ಯಾರೂ ಏನೂ ಕಟ್ಟಿಲ್ಲ."

"ಕಟ್ಟಿದ್ದಾರೆ ಮೇಡಂ. ಹಿಡಿದದ್ದಕ್ಕೇ ತಾನೇ ನಮಗೆ ಕಮ್ಮಿ ಬಂದಿದ್ದು?"

"ಕಟ್ಟಿರಬಹುದು, ನಿಮ್ಮ ಸಂಖ್ಯೆಗಲ್ಲ. ತಾಳೆಯಾಗ್ತಿಲ್ಲ, ಉತ್ತರ ಕೊಡಿ ಅಂತ ನಿಮಗೆ ಇಮೇಲ್ ಹೋಗಿದೆಯಲ್ಲ, ನೋಡಿಲ್ವಾ?"

"ಇಮೇಲ್ ನೋಡೋಳು ಅಕ್ಕ."

"ಮತ್ತೆ ಅಕ್ಕ?"

"ಅವಳು ನನ್ನ ಹೆಸರಿಗೆ ಬಂದದ್ದನ್ನ ಒಡೆಯಲ್ಲ. ತಪ್ಪು ಅಂತಾಳೆ."

ಕೌಂಟರಿನವಳು ನಗು ತಡೆಯಲು ಕೆಮ್ಮಿದಳು. "ಯಾರ ಸಂಖ್ಯೆಗೆ ಹೋಗಿದೆ ಅಂತ ನಾನು ಹೇಳೋ ಹಾಗಿಲ್ಲ. ಆದ್ರೆ ಕಟ್ಟಿದ್ದು ಎಲ್ಲೂ ಮಾಯ ಆಗಲ್ಲ. ಮನೇಲಿ ಹುಡುಕಿ."

ಅಂದು ಸಂಜೆ ಅಂಗಡಿಯ ಹಳೆಯ ಕಂಪ್ಯೂಟರಿನಲ್ಲಿ ಅಕ್ಕ ತನ್ನ ತೆರಿಗೆ ಪುಟವನ್ನು ತೆರೆದಳು. ಒಂದೇ ಒಂದು ಸಾಲಿತ್ತು. ಪೇಟೆ ಕಟ್ಟಡದ ಕಚೇರಿ, ಕೊಟ್ಟ ಮೊತ್ತ, ಹಿಡಿದ ತೆರಿಗೆ. ಬಿಡಿಕಾಸಿನವರೆಗೆ ಸರಿಯಾಗಿತ್ತು.

ಚಿಕ್ಕಮುಳ್ಳು ಕುರ್ಚಿಯ ಬೆನ್ನು ಹಿಡಿದು ನೋಡುತ್ತಲೇ ನಿಂತಳು. ಇಷ್ಟು ತಿಂಗಳು ಆ ಹಣವನ್ನು ಯಾರೋ ನುಂಗಿದರು, ಎಲ್ಲೋ ಸೋರಿತು ಎಂದು ಮನಸ್ಸಿನಲ್ಲೇ ಬೈದುಕೊಂಡಿದ್ದಳು. ಅದು ಎಲ್ಲಿಗೂ ಹೋಗಿರಲಿಲ್ಲ. ಲೆಕ್ಕಕ್ಕೆ ಸಿಗದಷ್ಟು ಜನರ ಲೆಕ್ಕದ ನಡುವೆ, ಒಂದು ಕಾಸೂ ಸವೆಯದೆ, ಇದೇ ಮನೆಯ ಇನ್ನೊಂದು ಹೆಸರಿನಡಿ ಕೂತಿತ್ತು. ಗೋಪುರದೊಳಗೆ ಮೊದಲ ಸಲ ಕಾಲಿಟ್ಟ ದಿನ, ತನ್ನಷ್ಟೇ ಎತ್ತರದ ಲೋಲಕ ಕತ್ತಲಲ್ಲಿ ತನ್ನ ಪಾಡಿಗೆ ತೂಗುತ್ತಿದ್ದುದನ್ನು ಕಂಡಾಗ ಹೀಗೆಯೇ ಅವಳ ಬಾಯಿ ಕಟ್ಟಿಹೋಗಿತ್ತು.

"ಸರದಿ ನಂದು ಅಂತ ನನ್ನ ಸಂಖ್ಯೆ ಹಾಕಿದ್ದಾರೆ. ನಂಗೆ ಮಂಡಿ ನೋವಾದ್ರೆ ನಿನಗೆ ಬರೆ. ಎತ್ತಿಗೆ ಜ್ವರ, ಎಮ್ಮೆಗೆ ಬರೆ" ಎಂದಳು ಅಕ್ಕ.

ಮರುದಿನ ಚಿಕ್ಕಮುಳ್ಳು ಕಟ್ಟಡದ ಕಚೇರಿಗೆ ಹೋದಳು. ಅದು ಗೋಪುರದ ಕೆಳಗೇ, ಕಟ್ಟಡದ ಮೇಲಿನ ಅಂತಸ್ತಿನಲ್ಲಿ. ಲಿಫ್ಟ್ ಇಲ್ಲ. ಅಕೌಂಟೆಂಟ್ ಕನ್ನಡಕ ಒರೆಸಿಕೊಳ್ಳುತ್ತ ಕೇಳಿಸಿಕೊಂಡರು.

"ನಾನು ತಪ್ಪು ಮಾಡಿಲ್ಲಮ್ಮ. ರಿಪೇರಿ ಆದ ವರ್ಷ ನಿಮ್ಮಕ್ಕ, ಅದರ ಹಿಂದಿನ ವರ್ಷ ನೀವು. ನಿಮ್ಮಪ್ಪ ಹೇಳಿದ ಪದ್ಧತಿ. ಸರದಿ ತಪ್ಪಿಸಿದೋರು ಒಂದು ಮಾತು ಹೇಳ್ಬೇಕಿತ್ತು."

"ಹೇಳ್ಬೇಕಿತ್ತು ಸಾರ್. ತಪ್ಪು ನಮ್ಮದೇ. ಈಗ ತಿದ್ದೋದು ಹೇಗೆ?"

"ಸುಲಭದ ದಾರಿ ಒಂದಿದೆ. ನಿಮ್ಮಕ್ಕ ತಮ್ಮ ರಿಟರ್ನ್ ತಿದ್ದಿ, ಗೋಪುರದ ಆದಾಯ ನಂದೇ ಅಂತ ಹಾಕಲಿ. ನೀವು ನಿಮ್ಮದರಿಂದ ತೆಗೀರಿ. ಬೇಗ ಬರುತ್ತೆ. ಇಲ್ಲಾಂದ್ರೆ ನಾನು ತಿದ್ದುಪಡಿ ಸಲ್ಲಿಸ್ಬೇಕು. ಅದಕ್ಕೆ ಯಾರ ಹೆಸರಲ್ಲಿ ಹಣ ಇದೆಯೋ ಅವರೇ ನಂದಲ್ಲ ಅಂತ ನನ್ನೆದುರು ಸಹಿ ಹಾಕ್ಬೇಕು. ಆಮೇಲೂ ಕಾಯ್ಬೇಕು."

ಚಿಕ್ಕಮುಳ್ಳು ಸುಲಭದ ದಾರಿಯನ್ನು ಹೊತ್ತುಕೊಂಡು ಮನೆಗೆ ಓಡಿದಳು.

"ಆಗಲ್ಲ" ಎಂದಳು ಅಕ್ಕ. ಕೈಯಲ್ಲಿದ್ದ ಭೂತಗಾಜನ್ನು ಕೆಳಗೂ ಇಡಲಿಲ್ಲ.

"ಒಂದೇ ಖಾತೆಗೆ ಬರೋ ದುಡ್ಡು ಕಣೇ!"

"ಖಾತೆ ಒಂದೇ. ಹತ್ತಿದ್ದು ನೀನು."

"ನಿನ್ನ ಮಂಡಿಗೇ ಬೇಕಾಗಿರೋದು ಅಕ್ಕ. ನಿನ್ನ ಹಟಕ್ಕೆ ಶಸ್ತ್ರಚಿಕಿತ್ಸೆ ಇಲ್ಲ, ಮಂಡಿಗಾದ್ರೂ ಆಗಲಿ."

"ಹತ್ತದೆ ಹತ್ತಿದೆ ಅಂತ ಬರೆದು ಸರಿಮಾಡಿಸಿಕೊಂಡ ಮಂಡೀಲಿ, ನಾನು ಆಮೇಲೆ ಯಾವ ಮುಖ ಇಟ್ಕೊಂಡು ಗೋಪುರ ಹತ್ತಲಿ?"

ಚಿಕ್ಕಮುಳ್ಳು ಬಾಗಿಲು ದೂಡಿಕೊಂಡು ಹೊರಗೆ ಹೋದಳು. ಬೀದಿ ಸುತ್ತಿ ಬರುವಷ್ಟರಲ್ಲಿ ಅಂಗಡಿಗೆ ಬೀಗ ಬಿದ್ದಿತ್ತು. ಅಕ್ಕ ಆಗಲೇ ಪೇಟೆ ಕಟ್ಟಡದ ಮೆಟ್ಟಿಲ ಬುಡದಲ್ಲಿದ್ದಳು.

"ಹುಚ್ಚು ಹಿಡಿದಿದೆಯಾ ನಿನಗೆ?"

"ಹಿಂದೆ ಬಾ. ಬಿದ್ರೆ ಹಿಡ್ಕೋ. ಬಿದ್ದಾಗ ಬೈ, ಈಗಲ್ಲ."

ಅಕ್ಕ ಎಡಗಾಲು ಮೇಲಿಟ್ಟು, ಕಟಾಂಜನ ಹಿಡಿದು, ಬಲಗಾಲನ್ನು ಎಳೆದುಕೊಳ್ಳುತ್ತಿದ್ದಳು. ಪ್ರತಿ ತಿರುವಿನಲ್ಲೂ ನಿಂತು, ಗೋಡೆಯ ಬಣ್ಣವನ್ನು ಪರೀಕ್ಷಿಸುವವಳಂತೆ ನಟಿಸಿದಳು. ಅವಳ ಬೆನ್ನಿನ ಮೇಲೆ ರವಿಕೆ ಬೆವರಿಗೆ ಅಂಟಿಕೊಂಡಿತ್ತು. ಚಿಕ್ಕಮುಳ್ಳು ಎರಡು ಮೆಟ್ಟಿಲು ಕೆಳಗೆ, ಕೈ ಚಾಚಿಕೊಂಡೇ ಹತ್ತಿದಳು. ತನ್ನ ಜೊತೆ ಒಂದೇ ತಟ್ಟೆಯಲ್ಲಿ ಉಂಡು ಬೆಳೆದ ಈ ಹೆಂಗಸನ್ನು ಅವಳು ಅಲ್ಲಿ, ಕೆಳಗಿನಿಂದ, ಹೊಸಬಳನ್ನು ನೋಡುವಂತೆ ನೋಡಿದಳು.

ಅಕೌಂಟೆಂಟ್ ಎದ್ದುನಿಂತರು. "ಅಯ್ಯೋ, ಒಂದು ಫೋನ್ ಮಾಡಿದ್ರೆ ನಾನೇ ಇಳಿದು ಬರ್ತಿದ್ನಲ್ಲಮ್ಮ!"

ಅಕ್ಕತಂಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅದು ಇಬ್ಬರಿಗೂ ಹೊಳೆದಿರಲಿಲ್ಲ.

"ಗೋಪುರದ ಲೆಕ್ಕ ಅಲ್ವಾ, ಹತ್ತಿಯೇ ಅಭ್ಯಾಸ" ಎಂದಳು ಅಕ್ಕ, ಏದುಸಿರಿನ ನಡುವೆ. "ಸಾರ್, ಆ ಹಣ ನಂದಲ್ಲ. ಗಡಿಯಾರ ಸರಿ ಮಾಡಿದ್ದು ಇವಳು. ಎಲ್ಲಿ ಸಹಿ ಹಾಕ್ಲಿ?"

ಅಕೌಂಟೆಂಟ್ ಅವಳತ್ತ ಕುರ್ಚಿ ಸರಿಸಿದರು. "ಹಣ ನಂದು ಅಂತ ಈ ಮೆಟ್ಟಿಲು ಹತ್ತಿ ಬಂದೋರನ್ನ ದಿನಾ ನೋಡ್ತೀನಿ" ಎಂದವರೇ ಕಾಗದ ತೆಗೆದರು. ಸಹಿಯಾದ ಮೇಲೆ ಅವರು ಮತ್ತೇನೂ ಕೇಳದೆ, ಅಲ್ಲೇ, ಅವರೆದುರೇ, ತಿದ್ದುಪಡಿಯನ್ನು ಸಲ್ಲಿಸಿದರು. ಚಿಕ್ಕಮುಳ್ಳು ತೆರಿಗೆ ಕಚೇರಿಯ ಇಮೇಲಿಗೆ ಉತ್ತರ ಕಳಿಸಿದಳು. ಈ ಸಲ ಅದನ್ನು ತಾನೇ ಒಡೆದಳು.

ಆಮೇಲೆ ಕಾಯುವುದಷ್ಟೇ. ದಿನವೂ ಅಂಗಡಿ ತೆರೆದೊಡನೆ ಇಬ್ಬರೂ ಎರಡು ಪುಟಗಳನ್ನು ಅಕ್ಕಪಕ್ಕ ತೆರೆದಿಟ್ಟು ನೋಡುತ್ತಿದ್ದರು. ಅಕ್ಕನದರಲ್ಲಿ ಆ ಸಾಲು, ತಂಗಿಯದು ಖಾಲಿ.

ಒಂದು ಬೆಳಿಗ್ಗೆ ಅಕ್ಕನ ಪುಟ ಖಾಲಿಯಾಗಿತ್ತು. ಅದೇ ಕಚೇರಿ, ಅದೇ ಮೊತ್ತ, ಅದೇ ತೆರಿಗೆ, ಬಿಡಿಕಾಸು ಸಹಿತ, ತಂಗಿಯ ಪುಟದಲ್ಲಿ ಕೂತಿತ್ತು. ಅದು ದಾಟಿದ ಸದ್ದು ಯಾರಿಗೂ ಕೇಳಿರಲಿಲ್ಲ. ಚಿಕ್ಕಮುಳ್ಳು ಬಾಯಿಯ ಮೇಲೆ ಕೈಯಿಟ್ಟುಕೊಂಡಳು.

"ಅಕ್ಕ, ನೋಡೇ."

ಅಕ್ಕ ಬಹಳ ಹೊತ್ತು ನೋಡಿದಳು. ಆಮೇಲೆ ಭೂತಗಾಜನ್ನು ಕಣ್ಣಿಗೇರಿಸಿಕೊಂಡು ಇನ್ನೊಮ್ಮೆ ನೋಡಿದಳು.

ರೀಫಂಡ್ ಖಾತೆಗೆ ಬಂದ ದಿನವೇ ಆಸ್ಪತ್ರೆಯ ಮುಂಗಡ ಕಟ್ಟಿದರು. ಕಾಲು ಪೂರ್ತಿ ಮಡಚುತ್ತದೆಂದು ವೈದ್ಯರು ಮಾತು ಕೊಡಲಿಲ್ಲ, ಆದರೆ ತಡವಾಯಿತೆಂದೂ ಅನ್ನಲಿಲ್ಲ. ಆಸ್ಪತ್ರೆಗೆ ಹೊರಟ ಬೆಳಿಗ್ಗೆ ಇಬ್ಬರೂ ಪೇಟೆ ಕಟ್ಟಡದ ಮುಂದೆ ಹಾದುಹೋಗುವಾಗ ಮೇಲಿನ ಕಿಟಕಿಯಿಂದ ಅಕೌಂಟೆಂಟರ ತಲೆ ಹೊರಬಂತು.

"ಈ ವರ್ಷ ಯಾರ ಹೆಸರು ಬರ್ಕೊಳ್ಲಿ?"

ಅಕ್ಕ ಕತ್ತೆತ್ತಿ ಗೋಪುರವನ್ನು ನೋಡಿದಳು.

"ಈಗಲೇ ಬರೀಬೇಡಿ ಸಾರ್" ಎಂದು ಕೂಗಿದಳು. "ಹತ್ತಿದ ಮೇಲೆ ಬರೀರಿ."